ತೊಳೆದು ಎಣ್ಣೆ ಬಿಟ್ಟರೂ ಮಳೆಗಾಲಕ್ಕೊಂದು ಚೈನು ಹೋಗುವುದೇಕೆ?

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರ ತೋಟ. ಎರಡು ವರ್ಷದ ಹಿಂದೆ ಹತ್ತು ಗೇರಿನ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ತಗೊಂಡೆ. ಮಳೆಗಾಲದಲ್ಲೂ ವಾರಕ್ಕೆ ಮೂರು ಸಲ ಓಡಿಸುತ್ತೇನೆ. ಬಂದ ಕೂಡಲೇ ಜೆಟ್ ಪಂಪಿನಲ್ಲಿ ತೊಳೆದು, ಚೈನಿಗೆ ಧಾರಾಳವಾಗಿ ಎಣ್ಣೆ ಬಿಟ್ಟೇ ಒಳಗಿಡುವುದು. ಆದರೂ ಎರಡು ಮಳೆಗಾಲಕ್ಕೆ ಎರಡು ಚೈನು, ಒಂದು ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಹೋಯಿತು. ಈಗ ಪೆಡಲ್ ತುಳಿದರೆ ಕೆಳಗಿನಿಂದ ಕಟಕಟ ಸದ್ದು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎರಡು ಕಡೆ. ಆ ಜೆಟ್ ಪಂಪು, ಮತ್ತು ಆ ‘ಧಾರಾಳವಾಗಿ’. ಬೇಜಾರು ಮಾಡಿಕೊಳ್ಳಬೇಡಿ, ಸೈಕಲ್ಲನ್ನು ಮೂಲೆಗೆ ಒರಗಿಸಿ ಮರೆತುಬಿಡುವವರಿಗಿಂತ ನೀವು ವಾಸಿ. ಆದರೆ ನೀವು ಪಡುತ್ತಿರುವ ಶ್ರಮ ಪೂರ್ತಿ ಸೈಕಲ್ಲಿನ ವಿರುದ್ಧವೇ ಕೆಲಸ ಮಾಡುತ್ತಿದೆ.

ಮೊದಲು ಎಣ್ಣೆ. ಚೈನು ಸವೆಯುವುದು ನೀರಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ನೀರು ತುಕ್ಕು ಹಿಡಿಸುತ್ತದೆ, ಅಷ್ಟೇ. ಸವೆಸುವುದು ಮಣ್ಣಿನೊಳಗಿನ ಬೆಣಚುಕಲ್ಲಿನ ಹುಡಿ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7ರಲ್ಲಿದೆ, ಮಾಮೂಲಿ ಚಾಕುವಿನ ಉಕ್ಕು 5.5ರ ಆಸುಪಾಸು. ನಿಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ನುಣ್ಣಗೆ ಕಂಡರೂ ಎರಡು ಬೆರಳ ನಡುವೆ ಉಜ್ಜಿ ನೋಡಿ, ಚರಚರ ಅನ್ನುತ್ತದೆ. ಅದಕ್ಕೆ ಎಣ್ಣೆ ಕಲೆಸಿದರೆ ಸಿಗುವುದು ಸಾಣೆ ಹಿಡಿಯುವ ಪೇಸ್ಟು. ಹೊರಗೆಲ್ಲ ಎಣ್ಣೆ ಜಿನುಗುವ ಚೈನು ಆ ಹುಡಿಯನ್ನು ಕರೆದು ಕೂರಿಸಿಕೊಂಡು ತನ್ನನ್ನು ತಾನೇ ಅರೆದುಕೊಳ್ಳುತ್ತದೆ.

ಚೈನಿಗೆ ಎಣ್ಣೆ ಬೇಕಾದದ್ದು ಒಳಗೆ, ರೋಲರಿನ ಸಂದಿಯಲ್ಲಿ, ಪಿನ್ನಿನ ಸುತ್ತ. ರೋಲರಿಗೆ ಒಂದೊಂದೇ ತೊಟ್ಟು ಬಿಡಿ, ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು, ಬೆರಳಿಗೆ ಜಿಡ್ಡು ಅಂಟದಷ್ಟು ಒರೆಸಿ. ಒರೆಸುವುದೇ ಮುಖ್ಯ ಕೆಲಸ, ಎಲ್ಲರೂ ಬಿಡುವುದೂ ಅದನ್ನೇ. ಎಣ್ಣೆಯಲ್ಲಿ ಮಳೆಗೆಂದೇ ಇರುವ ‘ವೆಟ್ ಲ್ಯೂಬ್’ ಅಂತ ಬರೆದದ್ದು ತಗೊಳ್ಳಿ, ಒಣ ಹವೆಯ ಡ್ರೈ ಲ್ಯೂಬ್ ಮೊದಲ ಹಳ್ಳ ದಾಟುವಷ್ಟರಲ್ಲಿ ತೊಳೆದುಹೋಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯದೂ ಅದೇ ಕಥೆ. ಬೈಕಿನಿಂದ ಇಳಿಸಿದ ಕಪ್ಪು ಎಂಜಿನ್ ಆಯಿಲ್ ಮಾತ್ರ ಖಂಡಿತ ಬೇಡ, ಅದರಲ್ಲಿ ಆಗಲೇ ಲೋಹದ ಪುಡಿ ಇದೆ.

ಇನ್ನು ಅಳತೆ. ಕ್ಯಾಸೆಟ್ ಉಳಿಯುವುದು ಇದರಿಂದಲೇ. ಚೈನು ‘ಉದ್ದ ಆಯ್ತು’ ಅನ್ನುತ್ತೇವೆ, ಆದರೆ ಉಕ್ಕೇನೂ ಹಿಗ್ಗಿರುವುದಿಲ್ಲ. ನೂರಕ್ಕೂ ಹೆಚ್ಚು ಕೊಂಡಿಗಳಲ್ಲಿ ಪಿನ್ನೂ ಅದರ ತೂತೂ ಕೂದಲೆಳೆಯಷ್ಟು ಸವೆದು, ಆ ಸಡಿಲವೆಲ್ಲ ಕೂಡಿ ಉದ್ದವಾಗಿ ಕಾಣುತ್ತದೆ. 12 ಇಂಚಿಗಿಂತ ತುಸು ಉದ್ದದ ಸ್ಟೀಲ್ ಸ್ಕೇಲು ಸಾಕು. ಚೈನನ್ನು ಬಿಗಿಯಾಗಿಟ್ಟು, ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಹಿಡಿಯಿರಿ. ಅಲ್ಲಿಂದ ಇಪ್ಪತ್ತನಾಲ್ಕನೇ ಪಿನ್ನಿನ ನಡುಮಧ್ಯ, ಹೊಸ ಚೈನಾದರೆ ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸ್ಕೇಲಿನ ಒಂದು ಸಣ್ಣ ಗೆರೆ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಸವೆದಿದೆ, ಹೊಸ ಚೈನು ತರುವ ಹೊತ್ತು. ಹತ್ತು ಗೇರಿನದಾದ್ದರಿಂದ ನೀವು ಒಂದೂವರೆ ಗೆರೆಯವರೆಗೆ ಎಳೆಯಬಹುದು, ಹನ್ನೊಂದು-ಹನ್ನೆರಡು ಗೇರಿನವರಿಗೆ ಆ ಸೌಲಭ್ಯವಿಲ್ಲ. ಎರಡು ಗೆರೆ ದಾಟಿತೋ, ಕ್ಯಾಸೆಟ್ಟಿನ ಹಲ್ಲುಗಳು ಹುಲಿಯುಗುರಿನ ಹಾಗೆ ಬಾಗಿರುತ್ತವೆ, ಅದರ ಮೇಲೆ ಹೊಸ ಚೈನು ಹಾಕಿದರೆ ಜಾರುತ್ತದೆ. ನಿಮ್ಮ ಕ್ಯಾಸೆಟ್ ಹೋದದ್ದು ಹೀಗೇ ಇರಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸ್ಕೇಲು ಹಿಡಿಯಿರಿ.

ಈಗ ಜೆಟ್ ಪಂಪು. ಚಕ್ರದ ನಡುವಿನ ಹಬ್ಬಿನಲ್ಲಿ, ಹ್ಯಾಂಡಲ್ ತಿರುಗುವ ಹೆಡ್‌ಸೆಟ್ಟಿನಲ್ಲಿ, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ಟಿನಲ್ಲಿ ಇರುವ ರಬ್ಬರ್ ಸೀಲು ಮೇಲಿನಿಂದ ಬೀಳುವ ಮಳೆಯನ್ನು, ಚಕ್ರ ಎರಚುವ ಕೆಸರನ್ನು ತಡೆಯಲು ಮಾಡಿದ್ದು. ಜೆಟ್ಟಿನ ನೀರು ಅದನ್ನು ಬದಿಗೆ ಸರಿಸಿ ಒಳಗೆ ನುಗ್ಗುತ್ತದೆ, ಗ್ರೀಸನ್ನು ತೊಳೆಯುತ್ತದೆ, ಆಮೇಲೆ ಹೊರಬರಲು ದಾರಿಯಿಲ್ಲದೆ ಅಲ್ಲೇ ಕೂರುತ್ತದೆ. ನನ್ನ ಮೊದಲ ಎಂಟಿಬಿಯನ್ನು ಒಂದು ಮಳೆಗಾಲ ಪೂರ್ತಿ ಬೈಕುಗಳ ವಾಟರ್ ಸರ್ವಿಸಿನಲ್ಲೇ ತೊಳೆಸುತ್ತಿದ್ದೆ, ಬಂಗಾರದ ಹಾಗೆ ಹೊಳೆಯುತ್ತಿತ್ತು. ದಸರಾ ಹೊತ್ತಿಗೆ ಹಿಂದಿನ ಹಬ್ ಬಿಚ್ಚಿಸಿದರೆ ಒಳಗಿನ ಗ್ರೀಸು ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಬೇರಿಂಗ್ ಗುಂಡುಗಳಿಗೆ ಸಿಡುಬು ಬಂದಂತಾಗಿತ್ತು.

ಒಂದು ಬಕೆಟ್ ನೀರು, ಒಂದು ಚೊಂಬು, ಮೆತ್ತನೆ ಬ್ರಷ್, ಇಷ್ಟು ಸಾಕು. ಕೆಸರು ಒಣಗುವ ಮುಂಚೆ ಸುರಿದರೆ ತಾನಾಗಿ ಇಳಿಯುತ್ತದೆ. ಒಣಗಿದ ಮೇಲೆ ಉಜ್ಜಿದರೆ ಬಣ್ಣಕ್ಕೆ ಗೀರು. ತೋಟದ ಪೈಪಿನ ನೀರನ್ನು ಬೆರಳಿಂದ ಒತ್ತದೆ ಬಿಟ್ಟರೂ ಆದೀತು. ಆಮೇಲೆ ಸೈಕಲ್ಲನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿ ನೀರು ಕೊಡವಿ. ತೊಳೆಯಲು ಕೈಲಾಗದ ದಿನ ಎರಡೇ ಕೆಲಸ ಮಾಡಿ: ಚೈನು ಒರೆಸಿ, ಮುಂದಿನ ಸಸ್ಪೆನ್ಷನ್ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಒರೆಸಿ. ಆ ಕೊಳವೆಗೆ ಅಂಟಿದ ಮಣ್ಣು ಸೀಲಿನ ಒಳಗೆ ಹೋಗಿ ಗೀರಿದರೆ ರಿಪೇರಿ ಖರ್ಚು ಚೈನಿನಂಥದ್ದಲ್ಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕತ್ತರಿಸಿ, ಜಿಪ್ ಟೈನಲ್ಲಿ ಫೋರ್ಕಿಗೆ ಕಟ್ಟಿದರೆ ಒಳ್ಳೆಯ ಮಡ್‌ಗಾರ್ಡ್. ನೋಡಲು ಚೆಂದವಿಲ್ಲ, ಕೆಸರಿಗೆ ಅದು ಗೊತ್ತಾಗುವುದೂ ಇಲ್ಲ.

ತಿಂಗಳಿಗೊಮ್ಮೆ ಸೀಟ್ ಪೋಸ್ಟ್ ಹೊರಗೆಳೆದು ಸೈಕಲ್ಲನ್ನು ತಲೆಕೆಳಗು ವಾಲಿಸಿ ನೋಡಿ, ಕೆಲವೊಮ್ಮೆ ಅರ್ಧ ಲೋಟ ಕೆಂಪು ನೀರು ಬೀಳುತ್ತದೆ. ಅಲ್ಯೂಮಿನಿಯಂ ಪೋಸ್ಟಾದರೆ ತೆಳ್ಳಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಹಾಗೇ ಬಿಟ್ಟರೆ ಅದು ಫ್ರೇಮಿಗೆ ಕಚ್ಚಿಕೊಂಡು ಬರುವುದೇ ಇಲ್ಲ.

ಬ್ರೇಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಘಟ್ಟ ಇಳಿಯುವವರಿಗೆ ಹೇಳಲೇಬೇಕು. ಡಿಸ್ಕ್ ಬ್ರೇಕಿನ ರೆಸಿನ್ (ರಾಳ ಬೆರೆಸಿ ಮಾಡಿದ) ಪ್ಯಾಡು ಕೆಂಪು ಕೆಸರಿನಲ್ಲಿ ಸೋಪಿನ ಹಾಗೆ ಕರಗುತ್ತದೆ, ಮೆಟಲ್ ಪ್ಯಾಡು ಸದ್ದು ಮಾಡಿದರೂ ಬಾಳಿಕೆ ಹೆಚ್ಚು. (ನಿಮ್ಮ ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದರೆ ಮೆಟಲ್ ಹಾಕಬೇಡಿ.) ಶಿಮಾನೊ ಪ್ಯಾಡಾದರೆ ಅರ್ಧ ಮಿಲಿಮೀಟರಿಗೆ ಇಳಿದಾಗ ಬದಲಿಸಬೇಕು, ಡಿಸ್ಕು 1.5 ಮಿಲಿಮೀಟರಿಗೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಒಂದು ಹನಿ ಡಿಸ್ಕಿಗೆ ಹಾರಿದರೂ ಬ್ರೇಕು ಕೈಕೊಡುತ್ತದೆ, ಅದಕ್ಕೇ ತೊಟ್ಟು ಬಿಡುವ ಬಾಟಲಿ ಮೇಲು.

ಅಂದ ಹಾಗೆ, ಇಂಬಳಕ್ಕೆ ಅಂತ ಉಪ್ಪಿನ ಗಂಟು ಕಟ್ಟಿಕೊಂಡು ಹೊರಡುತ್ತೀರಲ್ಲ, ಅದನ್ನು ಫ್ರೇಮಿಗೆ ನೇತುಹಾಕಬೇಡಿ. ಮಳೆಗೆ ಉಪ್ಪು ಕರಗಿ ಇಳಿಯುವುದು ನೇರ ಗೇರಿನ ಮೇಲೆ. ಯುರೋಪಿನವರ ಸೈಕಲ್ ವಿಡಿಯೋಗಳಲ್ಲಿ ಚಳಿಗಾಲ ಅಂದರೆ ಗಾಬರಿ ಬೀಳುವುದು ಇದಕ್ಕೇ, ಹಿಮ ಕರಗಲೆಂದು ಅಲ್ಲಿ ರಸ್ತೆಗೇ ಉಪ್ಪು ಎರಚುತ್ತಾರೆ. ಅವರ ಚಳಿಗಾಲದ ಕೆಸರು ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸಂಕ್ರಾಂತಿ ಹೊತ್ತಿಗೆ ಅದೇ ಮಣ್ಣು ಧೂಳಾಗಿರುತ್ತದೆ, ಆಗ ವೆಟ್ ಲ್ಯೂಬ್ ತೊಳೆದು ತೆಗೆದು ಡ್ರೈ ಲ್ಯೂಬಿಗೆ ಬನ್ನಿ.

ಧಾರವಾಡ, ಗದಗದ ಕಡೆಯ ಎರೆಭೂಮಿಯಲ್ಲಿ ಓಡಿಸುವವರಿಗೆ ಮಾತ್ರ ನನ್ನ ಸಲಹೆ ಬೇರೆ: ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿಯಲೇಬೇಡಿ. ಎರೆಮಣ್ಣು ಟೈರಿಗೆ ಸುತ್ತಿ, ಫೋರ್ಕಿನ ಸಂದಿ ತುಂಬಿ, ಚಕ್ರವೇ ನಿಲ್ಲುತ್ತದೆ. ನವಲಗುಂದದ ಹತ್ತಿರ ಒಮ್ಮೆ ಹಟಕ್ಕೆ ಬಿದ್ದು ತುಳಿದೆ. ಗೇರ್ ಬದಲಿಸುವ ಡಿರೇಲರ್ ಮಣ್ಣಿನ ಮುದ್ದೆಗೆ ಸಿಕ್ಕಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಟಕ್ ಅಂತ ಮುರಿಯಿತು. ಆರು ಕಿಲೋಮೀಟರ್ ಸೈಕಲ್ ಹೊತ್ತು ನಡೆದೆ, ಒಂದೊಂದು ಚಪ್ಪಲಿಗೂ ಎರಡೆರಡು ಸೇರು ಮಣ್ಣು.

ನಿಮ್ಮ ಕಟಕಟ ಸದ್ದಿಗೆ ಬಂದರೆ, ನೇರ ದೊಡ್ಡ ಖರ್ಚಿಗೆ ಹೋಗಬೇಡಿ. ಮೊದಲು ಎರಡೂ ಪೆಡಲ್ ಬಿಚ್ಚಿ, ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ ಬಿಗಿ ಮಾಡಿ. ಎಡಗಡೆಯ ಪೆಡಲಿಗೆ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೂ ಸದ್ದು ಬಂದರೆ ಪೆಡಲ್ ಕೂರುವ ತೋಳಾದ ಕ್ರ್ಯಾಂಕನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಅಲ್ಲಾಡಿದರೆ ಬೋಲ್ಟು ಸಡಿಲವಾಗಿರಬೇಕು, ಇಲ್ಲ ಬಾಟಮ್ ಬ್ರಾಕೆಟ್ ಹೋಗಿರಬೇಕು. ಬಿಚ್ಚಿಸುವಾಗ ಪಕ್ಕದಲ್ಲೇ ನಿಂತಿದ್ದು ಗ್ರೀಸಿನ ಬಣ್ಣ ನೋಡಿ. ಕಾಫಿ ಬಣ್ಣ ಇದ್ದರೆ ಎರಡೂ ಹಬ್ಬನ್ನು ಅವತ್ತೇ ಬಿಚ್ಚಿಸಿಬಿಡಿ.