ಓದುಗರ ಪ್ರಶ್ನೆ: ವಾಚನ್ನು ಇನ್ನೂ ಎಷ್ಟು ದಿನ ಅಕ್ಕಿಯಲ್ಲಿಡಬೇಕು?

"ಸರ್, ನನ್ನ ಸೀಕೊ ಎಸ್‌ಕೆಎಕ್ಸ್007 ಡೈವ್ ವಾಚಿಗೆ (ನೀರಿನಡಿ ಮುಳುಗುವವರ ವಾಚ್) ಸಫೈರ್ ಗಾಜು, ಹೊಸ ಕ್ರೌನ್ (ಪಕ್ಕದ ತಿರುಗಿಸುವ ಗುಂಡಿ), ಎನ್‌ಎಚ್36 ಮೂವ್‌ಮೆಂಟ್ (ಒಳಗಿನ ಯಂತ್ರ) ಹಾಕಿಸಿದೆ. ಎ.ಸಿ. ಬಸ್ಸಿನಲ್ಲಿ ಕುಳಿತರೆ ಗಾಜಿನ ಒಳಗಡೆ ಮಂಜು ಕಟ್ಟುತ್ತದೆ. ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟೆ, ಹೋಯಿತು. ಈಗ ಮತ್ತೆ ಬಂದಿದೆ. ಇನ್ನೂ ಎಷ್ಟು ದಿನ ಇಡಬೇಕು?"

ಒಂದು ದಿನವೂ ಬೇಡ. ಡಬ್ಬಿಯಿಂದ ವಾಚನ್ನು ಹೊರಗೆ ತೆಗೆಯಿರಿ, ಅಕ್ಕಿಯನ್ನು ಅನ್ನ ಮಾಡಿ.

ಈ ಪ್ರಶ್ನೆ ಎಷ್ಟನೆಯ ಬಾರಿ ಬಂತೆಂದು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಊರು ಬೇರೆ, ವಾಚ್ ಬೇರೆ, ಅಕ್ಕಿ ಮಾತ್ರ ತಪ್ಪಿದ್ದಿಲ್ಲ. ಸೋನಾ ಮಸೂರಿ ಒಳ್ಳೆಯದೋ ಕುಚ್ಚಲಕ್ಕಿಯೋ ಎಂದು ಕೇಳಿದವರೂ ಇದ್ದಾರೆ. ನಂಬಿಕೆಯ ಮೂಲ ನನಗೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯದಿರಲೆಂದು ಅಜ್ಜಿ ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು. ಆದರೆ ಅಲ್ಲಿ ಉಪ್ಪೂ ಅಕ್ಕಿಯೂ ಒಂದೇ ಡಬ್ಬಿಯ ಗಾಳಿಯಲ್ಲಿರುತ್ತವೆ. ನಿಮ್ಮ ವಾಚಿನಲ್ಲಿ ನೀರು ಒಳಗೆ, ಅಕ್ಕಿ ಹೊರಗೆ, ನಡುವೆ ಮೂರು ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ಬಳೆಗಳು. ನೀರನ್ನು ದಾಟಲು ಬಿಡಬಾರದೆಂದೇ ಅವನ್ನು ಅಲ್ಲಿ ಕೂರಿಸಿರುವುದು.

"ಹಾಗಾದರೆ ನೀರು ಒಳಗೆ ಹೋದ ಸಂದಿಯಲ್ಲೇ ಹೊರಗೆ ಬರಬಹುದಲ್ಲ?" ಇದು ಮುಂದಿನ ಪತ್ರದಲ್ಲಿ ಬರುವ ಪ್ರಶ್ನೆ, ಈಗಲೇ ಉತ್ತರಿಸಿಬಿಡುತ್ತೇನೆ. ಒಂದು ಹನಿ ನೀರೆಂದರೆ ಸುಮಾರು 50 ಮಿಲಿಗ್ರಾಂ. ವಾಚಿನೊಳಗಿನ ಖಾಲಿ ಜಾಗ ಹೆಚ್ಚೆಂದರೆ 2 ಮಿಲಿಲೀಟರ್ ಎಂದುಕೊಳ್ಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಗಾಳಿ ಹೊರಬಲ್ಲ ಆವಿ ಸುಮಾರು 60 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಹನಿ ಆರಬೇಕಾದರೆ ಒಳಗಿನ ಗಾಳಿ ಎಂಟುನೂರಕ್ಕೂ ಹೆಚ್ಚು ಬಾರಿ ಪೂರ್ತಿ ಬದಲಾಗಬೇಕು, ಅದೂ ಕೂದಲೆಳೆಯಷ್ಟು ಸಂದಿಯಲ್ಲಿ, ಅದೂ ಹೊರಗಿನ ಗಾಳಿ ಪೂರ್ತಿ ಒಣಗಿದ್ದರೆ. ಒಣಗಿರುವುದಿಲ್ಲ. ಡಬ್ಬಿಯಲ್ಲಿರುವ ಅಕ್ಕಿಯ ತೂಕದಲ್ಲೇ ಶೇಕಡ 12ರಿಂದ 14ರಷ್ಟು ನೀರಿರುತ್ತದೆ. ಕ್ರೌನನ್ನು ಬಿಚ್ಚಿ ಎಳೆದಿಟ್ಟರೂ ಬಹುತೇಕ ಡೈವ್ ವಾಚುಗಳಲ್ಲಿ ಅದರೊಳಗಿನ ರಬ್ಬರ್ ಬಳೆ ಕ್ರೌನ್ ಕೂರುವ ಕೊಳವೆಯನ್ನು ಅಪ್ಪಿಕೊಂಡೇ ಇರುತ್ತದೆ.

"ಆದರೆ ಮಂಜು ಹೋಯಿತಲ್ಲ ಸರ್?" ಹೋಗಲಿಲ್ಲ, ಕಾಣದಾಯಿತು. ಗಾಜು ಬೆಚ್ಚಗಾದಾಗ ಅದರ ಮೇಲಿನ ನೀರು ಆವಿಯಾಗಿ ಒಳಗೇ ಸುತ್ತುತ್ತದೆ. ಒಂದಷ್ಟು ಉಕ್ಕಿನ ಭಾಗಗಳ ಮೇಲೆ ಕೂತು ತುಕ್ಕಾಗುತ್ತದೆ. ನಾಲ್ಕು ದಿನ ಅಕ್ಕಿಯಲ್ಲಿ ಮಲಗಿ ಬಂದ ವಾಚೊಂದನ್ನು ನನ್ನ ಮೇಜಿನ ಮೇಲೆ ತೆರೆದಿದ್ದೆ. ಗಾಜು ಕನ್ನಡಿಯಂತೆ ಸ್ವಚ್ಛ. ಒಳಗೆ ಸ್ಟೆಮ್ಮಿನ (ಕ್ರೌನಿನಿಂದ ಮೂವ್‌ಮೆಂಟಿಗೆ ಹೋಗುವ ಕಡ್ಡಿಯ) ಮೇಲೆ ಕಾಫಿಪುಡಿಯ ಬಣ್ಣದ ತುಕ್ಕು, ಕ್ರೌನಿನ ತಿರುಪಿನ ಗೆರೆಗಳಲ್ಲಿ ಬೆಳ್ಳಗೆ ಅಕ್ಕಿಹುಡಿ. ಸಮುದ್ರದ ನೀರಾದರೆ ಕಥೆ ಇನ್ನೂ ಕೆಟ್ಟದು. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ, ಯಾವ ಅಕ್ಕಿಯೂ ಅದನ್ನು ಎಳೆಯದು. ನೇತ್ರಾಣಿ ದ್ವೀಪದ ಕಡಲಿನಲ್ಲಿ ಮುಳುಗಿ ಬಂದ ವಾಚಿನೊಳಗೆ ಹನಿ ಕಂಡರೆ ಅಂದೇ ರಿಪೇರಿಯವರ ಹತ್ತಿರ ಓಡಿ, ಹಿಂಬದಿ ಮುಚ್ಚಳ ತೆಗೆಸಿ.

ಇನ್ನು ನಿಮ್ಮ ಮಂಜಿನ ವಿಷಯ. ಅದು ಸೋರಿಕೆಯೇ ಆಗಬೇಕೆಂದಿಲ್ಲ. ಮಂಗಳೂರಿನ ಜುಲೈ ಗಾಳಿಯಲ್ಲಿ, 30 ಡಿಗ್ರಿ ಬಿಸಿ, ಶೇಕಡ 85 ತೇವ ಇರುವಾಗ ವಾಚ್ ಮುಚ್ಚಿದ್ದರೆ, ಗಾಜು ಸುಮಾರು 27 ಡಿಗ್ರಿಗೆ ಇಳಿದೊಡನೆ ಬೆವರುತ್ತದೆ. ಎ.ಸಿ. ಬಸ್ಸಿಗೆ ಅಷ್ಟು ಸಾಕು. ಹೀಗಾಗಿದ್ದರೆ ಹಿಂಬದಿ ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಒಣಗಿದ ಎ.ಸಿ. ಕೋಣೆಯಲ್ಲೇ ಮತ್ತೆ ಮುಚ್ಚಿಸಿ. ಆಮೇಲೆ ಹನಿ ಪರೀಕ್ಷೆ ಮಾಡಿ: ವಾಚನ್ನು 40–45 ಡಿಗ್ರಿಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಬಿಟ್ಟು, ಒಂದು ನಿಮಿಷ ಕಾದು ಒರೆಸಿ. ಹನಿ ಇದ್ದ ಜಾಗದ ಒಳಬದಿಯಲ್ಲಿ ಮಂಜಿಲ್ಲದಿದ್ದರೆ ಒಳಗೆ ಒಣಗಿದೆ. ಡೈವ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6425ರಲ್ಲಿರುವುದೂ ಇದೇ ಪರೀಕ್ಷೆ. ಕೆಲವು ದಿನ ಬಿಟ್ಟು ಮತ್ತೆ ಮಾಡಿದಾಗ ಮಂಜು ಬಂದರೆ ಸೋರಿಕೆ ಖಚಿತ.

ಎಲ್ಲಿ? ಮಾರ್ಪಾಡು ಮಾಡಿದ ವಾಚಿನಲ್ಲಿ ನನ್ನ ಮೊದಲ ಅನುಮಾನ ಕ್ರೌನಿನ ಮೇಲೆ. ಹೊಸ ಮೂವ್‌ಮೆಂಟಿಗೆ ಸ್ಟೆಮ್ ಕತ್ತರಿಸುವಾಗ ಕೂದಲೆಳೆಯಷ್ಟು ಉದ್ದ ಉಳಿದರೂ ಕ್ರೌನ್ ಕೊನೆಯವರೆಗೆ ತಿರುಗದೆ ನಿಲ್ಲುತ್ತದೆ. ಬಿಗಿಯಾಯಿತೆಂದು ಬೆರಳು ನಂಬುತ್ತದೆ, ಗ್ಯಾಸ್ಕೆಟ್ ಮಾತ್ರ ಒತ್ತಿಕೊಂಡಿರುವುದಿಲ್ಲ. ಎರಡನೆಯದು ಗಾಜು: ಹಳೆಯ ಪ್ಲಾಸ್ಟಿಕ್ ಬಳೆಯನ್ನೇ ಮತ್ತೆ ಬಳಸಿ ಸಫೈರನ್ನು ಒತ್ತಿದರೆ ಬಳೆಯ ಅಂಚು ಸೀಳಬಹುದು. ಮೂರನೆಯದು ಹಿಂಬದಿಯ ರಬ್ಬರ್. ಸಿಲಿಕೋನ್ ಗ್ರೀಸ್ ಇಲ್ಲದೆ ತಿರುಗಿಸಿದರೆ ಅದು ಮುರುಟುತ್ತದೆ. ಗ್ರೀಸ್ ಅಂಟಲ್ಲ, ರಬ್ಬರ್ ಜಾರಲೆಂದು ಹಚ್ಚುವುದು.

ಊಹೆ ಬೇಡವೆನ್ನುವವರಿಗೆ ಒತ್ತಡದ ಪರೀಕ್ಷಾ ಜಾಡಿ ಇದೆ. ಮೂವ್‌ಮೆಂಟ್ ತೆಗೆದ ಖಾಲಿ ಕೇಸನ್ನು (ವಾಚಿನ ಹೊರಕವಚ) ನೀರಿನ ಮೇಲೆ ನೇತುಹಾಕಿ, 3 ಬಾರ್‌ವರೆಗೆ (ಸುಮಾರು 30 ಮೀಟರ್ ಆಳದ ನೀರಿನ ಒತ್ತಡ) ಗಾಳಿ ತುಂಬಿ, ಕೆಲವು ನಿಮಿಷ ಬಿಟ್ಟು ನೀರಿಗಿಳಿಸಿ, ಒತ್ತಡವನ್ನು ಮೆಲ್ಲಗೆ ಇಳಿಸಬೇಕು. ಒಳಗೆ ಹೊಕ್ಕ ಗಾಳಿ ಬಂದ ದಾರಿಯಲ್ಲೇ ಗುಳ್ಳೆಗಳ ಸರವಾಗಿ ಹೊರಡುತ್ತದೆ. ಗಾಜಿನ ಸುತ್ತಲಿನ ತಿರುಗುವ ಬಳೆಯಾದ ಬೆಜೆಲ್ಲಿನ ಕೆಳಗಿಂದ ಒಂದೆರಡು ಗುಳ್ಳೆ ಎದ್ದರೆ ಗಾಬರಿ ಬೇಡ, ಅದು ಸಂದಿಯಲ್ಲಿದ್ದ ಗಾಳಿ. ಸರ ನಿಲ್ಲದಿದ್ದರೆ ಮಾತ್ರ ಸೋರಿಕೆ. ಒತ್ತಡ ಸೊನ್ನೆಗಿಳಿಯುವ ಮೊದಲೇ ಕೇಸನ್ನು ಮೇಲೆತ್ತಿ, ಇಲ್ಲವಾದರೆ ನೀವೇ ನೀರು ತುಂಬಿಸಿದಂತೆ.

ನೀವು ಕೇಳದಿದ್ದರೂ ಒಂದು ಮಾತು. "ಡಯಲ್ ಮೇಲೆ 200 ಮೀಟರ್ ಎಂದಿದೆ, ಕೈ ತೊಳೆದರೆ ಹೇಗೆ ನೀರು ಹೋಗುತ್ತದೆ" ಎಂದು ಜನ ಅಚ್ಚರಿಪಡುತ್ತಾರೆ. ಆಳದ ಒತ್ತಡ ಗಾಜನ್ನು ಅದರ ಆಸನಕ್ಕೇ ಒತ್ತುತ್ತದೆ. 200 ಮೀಟರ್ ಆಳದಲ್ಲಿ 31.5 ಮಿ.ಮೀ. ಅಗಲದ ಗಾಜಿನ ಮೇಲೆ ಬೀಳುವುದು ಸುಮಾರು 160 ಕಿಲೋ ಭಾರ. ಬಚ್ಚಲಿನಲ್ಲಿ ಹಾಗೆ ಒತ್ತುವ ಭಾರವಿಲ್ಲ, ಸಡಿಲ ಗ್ಯಾಸ್ಕೆಟ್ ಅಲ್ಲೇ ಕೈಕೊಡಬಹುದು. ಇನ್ನು ಆ ಬರಹ: 1996ರಲ್ಲಿ ಬಂದ ಎಸ್‌ಕೆಎಕ್ಸ್007 ಕಾರ್ಖಾನೆಯಲ್ಲಿ ಜೋಡಿಸಿದಂತೆ ಇರುವವರೆಗೆ ಅದಕ್ಕೆ ಅರ್ಥವಿತ್ತು. ಐಎಸ್‌ಒ ಪ್ರಕಾರ ಪರೀಕ್ಷೆ ನಡೆಯುವುದು ಹೇಳಿದ ಆಳದ ಒತ್ತಡಕ್ಕಿಂತ ಶೇಕಡ 25 ಹೆಚ್ಚಿನಲ್ಲಿ. ನೀವು ಗಾಜು, ಕ್ರೌನ್ ಬದಲಿಸಿದ ದಿನ ಆ ಫಲಿತಾಂಶ ಮುಗಿಯಿತು. ಉಳಿದಿರುವುದು ಬಣ್ಣ. ನನ್ನ ಮೇಜಿನ ಡ್ರಾಯರಿನಲ್ಲಿ 200 ಮೀಟರ್ ಎಂದು ಬರೆದ ಬಿಡಿ ಡಯಲುಗಳು ಆರು ಬಿದ್ದಿವೆ. ಅವುಗಳಲ್ಲಿ ಒಂದಕ್ಕೂ ಇನ್ನೂ ಕೇಸೇ ಇಲ್ಲ.