ಸಾವೆಯ ಹೊಟ್ಟು ಯಾವ ಖಾತೆಗೆ?

ಒಂದು ಕ್ವಿಂಟಲ್ ಸಾವೆಯನ್ನು ಗಿರಣಿಗೆ ಹಾಕಿದರೆ ಕೈಗೆ ಬರುವ ಅಕ್ಕಿ 60ರಿಂದ 70 ಕಿಲೊ. ಉಳಿದದ್ದು ಹೊಟ್ಟು, ತೌಡು, ನುಚ್ಚಿನ ಪುಡಿ. ಹಳಿಯಾಳ, ಮುಂಡಗೋಡ ಕಡೆ ಸಾವೆ ಬಿತ್ತಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ದೇಶದ ಆಹಾರ ಲೆಕ್ಕದಲ್ಲಿ ಅದೇ ಕ್ವಿಂಟಲ್ 87.5 ಕಿಲೊ ಆಹಾರವಾಗಿ ಜಮಾ ಆಗುತ್ತದೆ. ಹೆಚ್ಚಿಗೆ ಕಂಡ ಈ ಇಪ್ಪತ್ತು ಚಿಲ್ಲರೆ ಕಿಲೊ ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕಾಗುತ್ತದೆ.

ಯಾವ ದೇಶದಲ್ಲಿ ತಲೆಗೆ ಎಷ್ಟು ಆಹಾರವಿದೆ ಎಂದು ತಿಳಿಯುವ ಅಗತ್ಯ ಯುದ್ಧದ ವರ್ಷಗಳಲ್ಲಿ ಎದ್ದಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1949ರಲ್ಲಿ ಇದಕ್ಕೊಂದು ಕೈಪಿಡಿ ಹೊರಡಿಸಿತು. ವಿಧಾನ ಅಂಗಡಿ ಖಾತೆಯಷ್ಟೇ ಸರಳ. ಬೆಳೆದದ್ದಕ್ಕೆ ಆಮದು ಸೇರಿಸಿ, ರಫ್ತು ಕಳೆದು, ದಾಸ್ತಾನಿನ ಏರಿಳಿತ ಹೊಂದಿಸಿದರೆ ದೇಶದೊಳಗಿನ ಲಭ್ಯತೆ. ಅದರಿಂದ ಬೀಜ, ಮೇವು, ಪೋಲು, ಕಾರ್ಖಾನೆಗೆ ಹೋದದ್ದನ್ನು ತೆಗೆದು ಜನಸಂಖ್ಯೆಯಿಂದ ಭಾಗಿಸಬೇಕು. ತಿಂದದ್ದನ್ನು ಇಲ್ಲಿ ಯಾರೂ ತೂಗುವುದಿಲ್ಲ. ಕಳೆದು ಉಳಿದದ್ದೇ ತಿಂದದ್ದು. ಹಾಗಾಗಿ ಮೇಲಿನ ಸಾಲುಗಳ ತಪ್ಪೆಲ್ಲ ಕೊನೆಯ ಸಾಲಿಗೆ ಇಳಿಯುತ್ತದೆ.

ಭಾರತ ಸರ್ಕಾರದ ಲೆಕ್ಕ ಇನ್ನೂ ಚುಟುಕು. ಒಟ್ಟು ಧಾನ್ಯೋತ್ಪಾದನೆಯಲ್ಲಿ ಬೀಜ, ಮೇವು, ಪೋಲು ಎಂದು 12.5% ಕಳೆದುಬಿಡುತ್ತಾರೆ. ಎಲ್ಲ ಧಾನ್ಯಕ್ಕೂ ಒಂದೇ ದರ. ವ್ಯಾಪಾರಿಗಳ ಮತ್ತು ರೈತರ ಮನೆಯ ದಾಸ್ತಾನು ಗೊತ್ತಿಲ್ಲವಾದ್ದರಿಂದ ಲಭ್ಯತೆಯ ಅಂಕಿಯನ್ನೇ ಬಳಕೆ ಎಂದು ತಿಳಿಯಬಾರದು ಎಂದು ಆರ್ಥಿಕ ಸಮೀಕ್ಷೆಯ ಅಡಿಟಿಪ್ಪಣಿಯೇ ಹೇಳುತ್ತದೆ. ಅಡಿಟಿಪ್ಪಣಿ ಓದುವವರು ಕಡಿಮೆ, ಅಷ್ಟೆ.

ಭತ್ತಕ್ಕೆ ಈ ದರ ಅಷ್ಟಾಗಿ ಕಾಡುವುದಿಲ್ಲ. ಭತ್ತದ ಉತ್ಪಾದನೆಯನ್ನು ಸರ್ಕಾರ ಬರೆಯುವುದೇ ಅಕ್ಕಿಯ ತೂಕದಲ್ಲಿ, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಸಿ. ಅಲ್ಲಿ ಹೊಟ್ಟು ಮೊದಲೇ ಹೋಗಿರುತ್ತದೆ. ಸಾವೆ, ನವಣೆ, ಹಾರಕ, ಊದಲು, ಬರಗುಗಳನ್ನು ಹೊಟ್ಟು ಸಮೇತ ಬರೆಯುತ್ತಾರೆ. ರಾಗಿಯ ಕತೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಗಟ್ಟಿ ಹೊಟ್ಟಿಲ್ಲ, ಇಡೀ ಕಾಳು ಹಿಟ್ಟಾಗುತ್ತದೆ. ಬೀಜ ಹೆಕ್ಟೇರಿಗೆ 10–12 ಕಿಲೊ ಸಾಕು, ನಾಟಿ ಮಾಡಿದರೆ ಅದರರ್ಧವೂ ಬೇಡ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಸಾವಿರ ಕಿಲೊ ರಾಗಿಯಲ್ಲಿ 125 ಕಿಲೊ ಕಳೆಯುವುದು ಹೆಚ್ಚಾಯಿತು. ಸಾವಿರ ಕಿಲೊ ಸಾವೆಯಲ್ಲಿ ಅಷ್ಟೇ ಕಳೆದರೆ ತೀರಾ ಕಡಿಮೆಯಾಯಿತು. ಇವೆರಡರ ಜೊತೆಗೆ ಜೋಳ, ಸಜ್ಜೆ, ಮೆಕ್ಕೆಜೋಳವೂ ಕೂಡಿ ‘ಇತರ ಧಾನ್ಯ’ ಎಂಬ ಒಂದೇ ಸಾಲಾಗುತ್ತದೆ. ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುವ ಈ ಕಾಲದಲ್ಲಿ ಆ ಸಾಲು ಏರಿದರೆ ಜನ ಸಿರಿಧಾನ್ಯ ತಿನ್ನತೊಡಗಿದರೆಂದು ಹಿಗ್ಗುವಂತಿಲ್ಲ.

ಉತ್ಪಾದನೆಯ ಅಂಕಿಯಾದರೂ ಗಟ್ಟಿಯೇ? ಹಿಂದೆ ಆಣೆವಾರಿ ಇತ್ತು. ಗದ್ದೆ ನೋಡಿ ‘ಈ ಸಲ ಎಂಟಾಣೆ ಬೆಳೆ’ ಎಂದು ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. 1940ರ ದಶಕದಲ್ಲಿ ಅಂಕಿಅಂಶ ತಜ್ಞರಾದ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಬೆಳೆ ಕಟಾವು ಪ್ರಯೋಗವನ್ನು ದೇಶಕ್ಕೆ ಒಗ್ಗಿಸಿದರು. ಅದೇ ಸುಖಾತ್ಮೆ ಮುಂದೆ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶ ವಿಭಾಗದ ಮುಖ್ಯಸ್ಥರಾದರು.

ಪ್ರಯೋಗ ಹೀಗೆ: ಚೀಟಿ ಎತ್ತಿದ ಹಾಗೆ ಸರ್ವೆ ನಂಬರು ಆರಿಸಿ, ಹೊಲದ ನೈಋತ್ಯ ಮೂಲೆಯಿಂದ ಅಳೆದು, ಗೂಟ ಹೊಡೆದು ಹಗ್ಗ ಕಟ್ಟಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಗುರುತಿಸಬೇಕು. ಅದರೊಳಗಿನದನ್ನು ಮಾತ್ರ ಕೊಯ್ದು, ಬಡಿದು, ತೂರಿ ತೂಗಬೇಕು. ಒಂದು ಹೆಕ್ಟೇರಿಗೆ ಇಂಥ 400 ತಾಕು. ಹಾಗಾಗಿ ತಕ್ಕಡಿಯಲ್ಲಿ ಕಾಲು ಕಿಲೊ ಆಚೀಚೆ ಆದರೆ ಹೆಕ್ಟೇರಿಗೆ ಒಂದು ಕ್ವಿಂಟಲ್ ವ್ಯತ್ಯಾಸ. ಹೆಕ್ಟೇರಿಗೆ ಐದಾರು ಕ್ವಿಂಟಲ್ ಬರುವ ಸಾವೆಯಲ್ಲಿ ಇದು ಸಣ್ಣ ಮಾತಲ್ಲ. ಹಗ್ಗ ಸಡಿಲಾಗಿದ್ದರೆ, ಅಂಚಿನ ತೆನೆ ಒಳಗೆ ಸೇರಿದರೆ ಅಷ್ಟು ಬಂದೇ ಬರುತ್ತದೆ. ಇನ್ನು ಜೂನಿನಲ್ಲಿ ಬಿತ್ತಿದ ಸಾವೆ ಕೊಯ್ಲಿಗೆ ಬರುವಾಗ ಘಟ್ಟದ ಮೇಲೆ ಮಳೆ ಬಿಟ್ಟಿರುವುದಿಲ್ಲ. 20% ತೇವವಿರುವ 100 ಕಿಲೊ ಕಾಳು 12%ಗೆ ಒಣಗಿದಾಗ 91 ಕಿಲೊಗೆ ಇಳಿಯುತ್ತದೆ. ಮಾದರಿ ಕಾಳನ್ನು ಒಣಗಿಸಿ ಮತ್ತೆ ತೂಗಬೇಕೆಂಬ ನಿಯಮ ಇರುವುದು ಇದಕ್ಕೇ.

ಇದೆಲ್ಲ ಪಹಣಿಯಲ್ಲಿ ಕಾಣುವ ಹೊಲದ ಮಾತಾಯಿತು. ಉತ್ತರ ಕನ್ನಡದಲ್ಲಿ ರಾಗಿಯ ಹಳೆಯ ನೆಲೆ ಗದ್ದೆಯಲ್ಲ, ಗುಡ್ಡದ ಓರೆಯ ಕುಮರಿ ಮತ್ತು ಹಕ್ಕಲು. ಬೇಸಿಗೆಯಲ್ಲಿ ಕಡಿದು ಸುಟ್ಟ ಬೂದಿಯ ಮೇಲೆ ಮೊದಲ ಮಳೆಗೆ ಬೀಜ ಚೆಲ್ಲುತ್ತಿದ್ದರು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1878ರ ಅರಣ್ಯ ಕಾಯ್ದೆಯ ನಂತರ ಬಿಗಿ ಮತ್ತಷ್ಟಾಯಿತು. ಅಲ್ಲಿಂದ ಕುಮರಿಯ ರಾಗಿ ತಿನ್ನುವವರ ಹೊಟ್ಟೆಯಲ್ಲಿ ಇತ್ತು, ಕಂದಾಯದ ಪುಸ್ತಕದಲ್ಲಿ ಇರಲಿಲ್ಲ. ಇಂದಿಗೂ ಹಕ್ಕುಪತ್ರವಿಲ್ಲದ ಅರಣ್ಯ ಭೂಮಿಯ ತುಂಡುಗಳಿಗೆ ರೈತನ ಹೆಸರಿನ ಪಹಣಿ ಇಲ್ಲ. ಸರ್ವೆ ನಂಬರು ಹಿಡಿದು ಹೋಗುವ ಬೆಳೆ ಸಮೀಕ್ಷೆಗೆ ಅಲ್ಲಿಯ ಅರ್ಧ ಗುಂಟೆ ರಾಗಿ ಸಿಗುವುದಿಲ್ಲ. ಇದು ದೇಶದ ಮೊತ್ತವನ್ನು ಅಲುಗಿಸುವಷ್ಟು ದೊಡ್ಡದಲ್ಲ ನಿಜ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೇರಿಯ ಅಂಬಲಿಯ ಲೆಕ್ಕಕ್ಕೆ ಮಾತ್ರ ಅದೇ ದೊಡ್ಡದು.

ಹೆಸರಿನ ಗೊಂದಲವೂ ಬೇಕಷ್ಟಿದೆ. ಕನ್ನಡದ ಸಾವೆ ಹಿಂದಿಯಲ್ಲಿ ಕುಟ್ಕಿ. ಹಿಂದಿಯ ಸಾಂವಾ ನಮ್ಮ ಊದಲು. ಕಾರವಾರದ ಅಂಗಡಿಯಲ್ಲಿ ಉಪವಾಸಕ್ಕೆಂದು ಕೊಳ್ಳುವ ‘ವರಿ’ ಇವುಗಳಲ್ಲಿ ಯಾವುದು ಎಂಬುದು ಪೊಟ್ಟಣ ಬಂದ ಊರಿನ ಮೇಲೆ ನಿಂತಿದೆ. ವಿಶ್ವಸಂಸ್ಥೆಯ ತಖ್ತೆಗೆ ಈ ತಾಪತ್ರಯವೇ ಇಲ್ಲ: ಜೋಳಕ್ಕೊಂದು ಸಾಲು ಕೊಟ್ಟು ಸಜ್ಜೆ, ರಾಗಿ, ಸಾವೆ, ನವಣೆಗಳನ್ನು ‘ಮಿಲೆಟ್’ ಎಂಬ ಇನ್ನೊಂದರಲ್ಲಿ ಹಾಕಿದೆ. ಭಾರತದ ಆ ಸಾಲಿನ ಬಹುಪಾಲು ರಾಜಸ್ಥಾನದ ಕಡೆಯ ಸಜ್ಜೆ. ಸಾವೆ, ನವಣೆಯಂಥ ಕಿರುಧಾನ್ಯಗಳ ಕ್ಷೇತ್ರ 1950ರ ದಶಕದ ಸುಮಾರು 50 ಲಕ್ಷ ಹೆಕ್ಟೇರಿನಿಂದ 5 ಲಕ್ಷದ ಆಸುಪಾಸಿಗೆ ಕುಸಿದದ್ದು ಆ ಸಾಲಿನಲ್ಲಿ ಗೆರೆಯಷ್ಟೂ ಮೂಡುವುದಿಲ್ಲ.

2018ರಲ್ಲಿ ಕೇಂದ್ರ ಇವುಗಳನ್ನು ಪೌಷ್ಟಿಕ ಧಾನ್ಯ ಎಂದು ಅಧಿಸೂಚಿಸಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿ ಇವೆ; ಸಾವೆ, ನವಣೆ ಇಲ್ಲ. ಖರೀದಿ ಕೇಂದ್ರಕ್ಕೆ ಬಂದ ರಾಗಿಗೆ ಚೀಲದ ಲೆಕ್ಕ ಸಿಗುತ್ತದೆ. ಸಾವೆಯ ದಾಸ್ತಾನು ಇರುವುದು ಅಟ್ಟದ ಮೇಲೆ, ಅಲ್ಲಿಗೆ ಯಾವ ತಖ್ತೆಯೂ ಹತ್ತಿಲ್ಲ. ಲೆಕ್ಕ ಸುಧಾರಿಸಲು ಹೊಸ ಯಂತ್ರವೇನೂ ಬೇಡ. ಭತ್ತಕ್ಕೆ ಮಾಡಿದಂತೆ ಸಾವೆಗೂ ಗಿರಣಿಯ ಇಳುವರಿ ಹಿಡಿದು ಅಕ್ಕಿಯ ತೂಕದಲ್ಲಿ ಬರೆಯಬಹುದು, ರಾಗಿಯನ್ನು ಬೇರೆ ಸಾಲಿನಲ್ಲಿ ಇಡಬಹುದು. ಅಲ್ಲಿಯವರೆಗೆ ತಲಾ ಲಭ್ಯತೆಯ ಅಂಕಿ ಕಂಡಾಗ ಅದು ಹೊಟ್ಟು ತೆಗೆದದ್ದೋ ಹೊಟ್ಟಿನೊಂದಿಗೋ, ಮೆಕ್ಕೆಜೋಳ ಸೇರಿದೆಯೋ ಇಲ್ಲವೋ ಎಂದು ಮೊದಲು ಕೇಳಿಕೊಳ್ಳಬೇಕು.