ಹಳೇ ಫೋರ್ಡ್ ರೇಂಜರ್‌ಗೆ ಮ್ಯಾನ್ಯುಯಲ್ ಹಬ್: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದಲ್ಲಿ ಮಾರಾಟವಾದ 1983ರಿಂದ 1997ರವರೆಗಿನ ಫೋರ್ಡ್ ರೇಂಜರ್ ಫೋರ್ ವೀಲ್ ಡ್ರೈವ್ ಟ್ರಕ್ಕುಗಳಲ್ಲಿ ಆಟೋಮ್ಯಾಟಿಕ್ ಲಾಕಿಂಗ್ ಹಬ್, ಅಂದರೆ ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ತಾನಾಗಿಯೇ ಸೇರಿಸುವ, ಬಿಡಿಸುವ ಭಾಗ, ಇರುವ ಗಾಡಿಗಳು ಬಹಳ. ಅವುಗಳ ಮಾಲೀಕರಲ್ಲಿ ಎಷ್ಟೋ ಜನ ಇವತ್ತಿಗೂ ಆ ಹಬ್ ತೆಗೆದು ಕೈಯಿಂದ ತಿರುಗಿಸುವ ಹಬ್ ಹಾಕುತ್ತಾರೆ. ಆಟೋಮೊಬೈಲ್ ಓದುವವರಿಗೆ ಇದು ಒಳ್ಳೆಯ ಪಾಠ. ಹೊರಗಿನಿಂದ ನೋಡಿದರೆ ಹಬ್ ಬದಲಾಯಿಸುವ ಕೆಲಸ, ಒಳಗೆ ಕೈ ಹಾಕಿದರೆ ವೀಲ್ ಬೇರಿಂಗ್ ಕೆಲಸ. ಪೆಟ್ಟು ತಿನ್ನುವುದು ಬಹುಪಾಲು ಇಲ್ಲೇ.

ಮೊದಲು ಹಬ್ ಯಾಕೆ ಬೇಕು ಅಂತ ನೋಡೋಣ. ಟೂ ವೀಲ್ ಡ್ರೈವ್‌ನಲ್ಲಿ ಓಡುವಾಗ ಮುಂದಿನ ಚಕ್ರಗಳು ಸುಮ್ನೆ ಉರುಳಿದರೆ ಸಾಕು. ಆಕ್ಸಲ್ ಶಾಫ್ಟ್, ಡಿಫರೆನ್ಷಿಯಲ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಎಳೆದುಕೊಂಡು ತಿರುಗುವ ಅಗತ್ಯವಿಲ್ಲ. ಎಳೆದುಕೊಂಡು ತಿರುಗಿದರೆ ಸವೆತ, ಸದ್ದು, ಡೀಸೆಲ್ಲೋ ಪೆಟ್ರೋಲೋ ಜಾಸ್ತಿ. ಹಬ್ ಫ್ರೀ ಆದಾಗ ಚಕ್ರ ಬೇರೆ, ಶಾಫ್ಟ್ ಬೇರೆ. ಲಾಕ್ ಆದಾಗ ಎರಡೂ ಒಂದು. ಎರಡನೇ ಮಹಾಯುದ್ಧದ ಹಳೇ ಜೀಪುಗಳನ್ನು ಜನ ರಸ್ತೆಗೆ ತಂದಾಗ ಈ ಅಗತ್ಯ ಎದ್ದು ಕಂಡಿತು. 1948ರಲ್ಲಿ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ ಶುರು ಮಾಡಿದ ಕಂಪನಿ ಆ ಜೀಪುಗಳಿಗೆಂದೇ ಲಾಕಿಂಗ್ ಹಬ್ ಮಾಡುತ್ತಿತ್ತು. ಇವತ್ತು ವಿಂಚ್‌ಗಳಿಂದ ಹೆಸರಾದ ವಾರ್ನ್ ಅದೇ.

ಆಟೋ ಹಬ್ ಕೆಲಸ ಮಾಡುವ ರೀತಿ ಹೀಗೆ. ಡ್ರೈವರ್ ಫೋರ್ ವೀಲ್‌ಗೆ ಹಾಕಿದ ಕೂಡಲೇ ಆಕ್ಸಲ್ ಶಾಫ್ಟ್ ತಿರುಗತೊಡಗುತ್ತದೆ. ಹಬ್ ಒಳಗೆ ಇಳಿಜಾರು ಅಂಚಿರುವ ಬಳೆಯಂಥ ಒಂದು ಕ್ಯಾಮ್ ಇದೆ. ಅದು ತಿರುಗದೆ ನಿಂತಿರುವ ಸ್ಪಿಂಡಲ್‌ಗೆ (ಚಕ್ರದ ಬೇರಿಂಗ್ ಕೂರುವ ಟೊಳ್ಳು ಕೊಳವೆ) ಅಂಟಿಕೊಂಡು ಕೂತಿರುತ್ತದೆ. ಶಾಫ್ಟ್ ತಿರುಗಿದಾಗ ಆ ಕ್ಯಾಮಿನ ಇಳಿಜಾರು ಒಳಗಿನ ಗೇರನ್ನು ಹೊರಕ್ಕೆ ತಳ್ಳಿ ಹಬ್ ಬಾಡಿಯ ಹಲ್ಲುಗಳಿಗೆ ಸೇರಿಸುತ್ತದೆ. ಬಿಡಿಸಬೇಕಾದರೆ ಟೂ ವೀಲ್‌ಗೆ ಹಾಕಿ ನೇರವಾಗಿ ಸುಮಾರು ಮೂರು ಮೀಟರ್ ರಿವರ್ಸ್ ಹೋಗಬೇಕು.

ಇಲ್ಲಿಯೇ ಅದರ ದೌರ್ಬಲ್ಯವೂ ಇದೆ. ಹಬ್ ಲಾಕ್ ಆಗಬೇಕಾದರೆ ಶಾಫ್ಟ್ ತಿರುಗಬೇಕು, ತಿರುಗುವ ದಿಕ್ಕು ಬದಲಾದರೆ ಅದು ಒಮ್ಮೆ ಬಿಟ್ಟು ಮತ್ತೆ ಹಿಡಿಯಬೇಕು. ಕೆಸರಿನಲ್ಲಿ ಹೂತ ಗಾಡಿಯನ್ನು ಹಿಂದೆ ಮುಂದೆ ಆಡಿಸಿ ಎತ್ತುವುದನ್ನು ನೆನೆಸಿಕೊಳ್ಳಿ. ಪ್ರತಿ ಸಲ ಗೇರ್ ಬದಲಿಸಿದಾಗ ಹಬ್ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಚಕ್ರ ಜೋರಾಗಿ ತಿರುಗುತ್ತಿದ್ದಾಗ ಹಿಡಿದರೆ ಹಲ್ಲುಗಳ ಮೇಲೆ ಬೀಳುವ ಏಟು ಸಣ್ಣದಲ್ಲ. ಜತೆಗೆ ಕೆಲವು ಹಬ್‌ಗಳಲ್ಲಿ ಆ ಕ್ಯಾಮ್ ಪ್ಲಾಸ್ಟಿಕ್ಕಿನದು. ಗ್ರೀಸ್ ಹಳತಾಗಿ ಗಟ್ಟಿಯಾದರೆ, ಒಳಗೆ ನೀರು ಸೇರಿದರೆ ಗೇರ್ ಸರಿಯಾಗಿ ಜಾರುವುದಿಲ್ಲ. ಹಬ್ ಹಿಡಿದಿದೆಯೋ ಇಲ್ಲವೋ ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದೂ ಕಷ್ಟ. ದೂರದ ಕಾಡುದಾರಿಯಲ್ಲಿ ಇದು ನಿಜಕ್ಕೂ ಚಿಂತೆಯ ವಿಷಯ, ಅಲ್ವಾ? ಮ್ಯಾನ್ಯುಯಲ್ ಹಬ್‌ನಲ್ಲಿ ಹೊರಗಡೆ ಕೈಯಿಂದ ತಿರುಗಿಸುವ ಬಿಲ್ಲೆ ಲಾಕ್ ಕಡೆಗಿದೆಯೋ ಫ್ರೀ ಕಡೆಗಿದೆಯೋ ಕಣ್ಣಿಗೇ ಕಾಣುತ್ತದೆ. ನನಗೆ ಅದರ ದೊಡ್ಡ ಗುಣ ಇದೇ ಅನಿಸುತ್ತದೆ.

ಈಗ ಬಿಚ್ಚುವ ಕೆಲಸ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್ ಮೇಲೆ ನಂಬಿಕೆ ಇಡದೆ ಸ್ಟ್ಯಾಂಡ್ ಮೇಲೆ ಕೂರಿಸಿ. ರೇಂಜರ್‌ನ ಹಬ್ ಚಕ್ರದ ಐದು ಬೋಲ್ಟುಗಳ ಮೇಲೆಯೇ ಜಾರಿ ಕೂರುತ್ತದೆ, ಚಕ್ರ ಅದನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಚಕ್ರ ತೆಗೆದು, ಬೋಲ್ಟಿಗೆ ಹಾಕಿದ ತೆಳು ವಾಷರ್‌ಗಳನ್ನು ಬಿಡಿಸಿದರೆ ಹಬ್ ಕೈಗೆ ಬರುತ್ತದೆ. ಆಮೇಲೆ ಶಾಫ್ಟ್ ತುದಿಯ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ), ಸ್ಪೇಸರ್, ಥ್ರಸ್ಟ್ ಬೇರಿಂಗ್. ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ, ಒಂದು ಫೋಟೊ ತೆಗೆದುಕೊಳ್ಳಿ.

ನಂತರ ಕ್ಯಾಮನ್ನು ನೇರವಾಗಿ ಎಳೆದು ತೆಗೆಯಬೇಕು, ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಅದರ ಹಿಂದೆ ಬೇರಿಂಗನ್ನು ಹಿಡಿದಿರುವ ಒಂದೇ ಒಂದು ನಟ್ ಇದೆ. ಆ ನಟ್‌ನ ಕೆಳಗೆ, ಸ್ಪಿಂಡಲ್‌ನ ತೋಡಿನಲ್ಲಿ ಸಣ್ಣ ಲೋಹದ ಕೀ ಕೂತಿರುತ್ತದೆ. ಅದನ್ನು ಮೊದಲು ಅಯಸ್ಕಾಂತದಿಂದ ಎತ್ತಿ ತೆಗೆಯಿರಿ. ಕೀ ಒಳಗಿರುವಾಗಲೇ ಸ್ಪಾನರ್ ಹಾಕಿ ನಟ್ ತಿರುಗಿಸಿದರೆ ಸ್ಪಿಂಡಲ್‌ನ ಥ್ರೆಡ್ ಹೋಯಿತು. ಸ್ಪಿಂಡಲ್ ಹೊಸದು ತರಬೇಕಾಗುತ್ತದೆ. ಗ್ರೀಸ್ ತುಂಬಿರುವುದರಿಂದ ಕೀ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಆ ತೋಡನ್ನು ಚೆನ್ನಾಗಿ ಒರೆಸಿ, ಟಾರ್ಚ್ ಹಿಡಿದು ನೋಡಿ.

ಕನ್ವರ್ಷನ್ ಕಿಟ್ ಬೇಕಾಗುವುದೂ ಇದೇ ಕಾರಣಕ್ಕೆ. ಆಟೋ ಹಬ್‌ನಲ್ಲಿ ಒಂದು ನಟ್ಟು, ಅದಕ್ಕೊಂದು ಕೀ. ಮ್ಯಾನ್ಯುಯಲ್ ಹಬ್‌ನಲ್ಲಿ ಎರಡು ನಟ್ಟು, ನಡುವೆ ತೂತುಗಳಿರುವ ಲಾಕ್ ವಾಷರ್. ಹಬ್ ಮಾತ್ರ ತಂದು ಹಳೇ ನಟ್ ಮೇಲೆ ಹಾಕಲು ಹೋಗಬೇಡಿ, ನಟ್‌ಗಳ ಕಿಟ್ಟನ್ನೂ ತರಿಸಿ. ಹೊಸ ನಟ್‌ಗೆ ನಾಲ್ಕು ಹಲ್ಲಿನ ವಿಶೇಷ ಸಾಕೆಟ್ ಬೇಕು. ಉಳಿಯೂ ಸುತ್ತಿಗೆಯೂ ಹಿಡಿದು ಹೊಡೆಯುವ ಅಭ್ಯಾಸ ಎಲ್ಲ ಕಡೆ ಇದೆ, ದಯವಿಟ್ಟು ಅದು ಬೇಡ.

ಬೇರಿಂಗ್ ಹೊರಬಂದೇ ಬರುವುದರಿಂದ ತೊಳೆದು, ರೋಲರ್ ಮೇಲೆ ಗೀರು ಅಥವಾ ನೀಲಿ ಬಣ್ಣ ಇದೆಯಾ ನೋಡಿ, ಹೊಸ ಗ್ರೀಸ್ ತುಂಬಿ, ಒಳಗಿನ ಸೀಲ್ ಹೊಸದು ಹಾಕಿ. ಆಮೇಲೆ ಒಳ ನಟ್ಟನ್ನು ಬ್ರೇಕ್ ಡಿಸ್ಕ್ ತಿರುಗಿಸುತ್ತಾ 47 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಬೇಕು. ಇದು ರೋಲರ್‌ಗಳು ತಮ್ಮ ಜಾಗದಲ್ಲಿ ಕೂರಲಿ ಅಂತ. ಕೂತ ಮೇಲೆ ಕಾಲು ಸುತ್ತು ಸಡಿಲ ಮಾಡಿ. ವಾಷರ್ ಹಾಕಿ, ನಟ್‌ನ ಪಿನ್ ಒಂದು ತೂತಿಗೆ ಸೇರುವಂತೆ ನೋಡಿಕೊಳ್ಳಿ. ಹೊರ ನಟ್‌ಗೆ ಸುಮಾರು 200 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ವರ್ಷ ಮತ್ತು ಆಕ್ಸಲ್‌ಗೆ ತಕ್ಕ ಅಂಕಿಯನ್ನು ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಹೋಲಿಸಿ ನೋಡಿ.

ಹೊರ ನಟ್ ಬಿಗಿಯಾದಾಗ ಒಳ ನಟ್ ಕೂಡ ಥ್ರೆಡ್‌ನ ಸಡಿಲದಷ್ಟು ಒಳಕ್ಕೆ ಸರಿಯುತ್ತದೆ. ಅದರಿಂದ ಕೊನೆಯ ಪರೀಕ್ಷೆ ಎರಡೂ ನಟ್ ಬಿಗಿಯಾದ ಮೇಲೆಯೇ ಆಗಬೇಕು. ಡಿಸ್ಕ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು. ಬಿಗಿ ಜಾಸ್ತಿಯಾದರೆ ಬೇರಿಂಗ್ ಕಾದು ಸುಡುತ್ತದೆ, ಸಡಿಲವಾದರೆ ಚಕ್ರ ಓಲಾಡುತ್ತದೆ.

ಹಬ್ ಒಳಗೆ ಮಾತ್ರ ಗ್ರೀಸ್ ತುಂಬಬೇಡಿ, ತೆಳುವಾಗಿ ಸವರಿದರೆ ಸಾಕು. ಬೇರಿಂಗ್ ಗ್ರೀಸನ್ನೇ ಅಲ್ಲಿ ತುಂಬಿದರೆ ಚಳಿಯಲ್ಲಿ ಗೇರ್ ಜಾರದೆ ನಿಲ್ಲುತ್ತದೆ.

1998ರಿಂದ ರೇಂಜರ್‌ನ ಮುಂದಿನ ಆಕ್ಸಲ್ ಬದಲಾಯಿತು. ಅಲ್ಲಿ ಬೇರಿಂಗ್ ಸೀಲ್ ಆದ ಒಂದೇ ಯೂನಿಟ್, ಮೊದಲ ವರ್ಷಗಳ ಹಬ್ ವ್ಯಾಕ್ಯೂಮ್‌ನಿಂದ ನಡೆಯುವಂಥದು. ಮೇಲಿನ ನಟ್ ಪಾಠ ಅದಕ್ಕೆ ಅನ್ವಯಿಸುವುದಿಲ್ಲ.

ಹಾಕಿಯಾದ ಮೇಲೆ ಓಡಿಸುವ ರೀತಿಯೂ ಬದಲಾಗುತ್ತದೆ. ಒಂದು ಹಬ್ ಲಾಕ್ ಮಾಡಿ ಇನ್ನೊಂದನ್ನು ಮರೆತರೆ ಅರ್ಧ ಶಕ್ತಿಯಾದರೂ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಮುಂದಿನದು ಓಪನ್ ಡಿಫರೆನ್ಷಿಯಲ್ (ಎರಡು ಕಡೆಯ ಶಾಫ್ಟುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವಂಥದು) ಆಗಿದ್ದರೆ ತಿರುಗುವ ಬಲವೆಲ್ಲ ಫ್ರೀ ಇರುವ ಶಾಫ್ಟನ್ನು ಸುಮ್ನೆ ತಿರುಗಿಸುತ್ತದೆ, ಲಾಕ್ ಆದ ಚಕ್ರಕ್ಕೂ ಏನೂ ಸಿಗುವುದಿಲ್ಲ. ಎರಡೂ ಲಾಕ್ ಇರಲೇಬೇಕು. ಹಾಗಂತ ಎರಡನ್ನೂ ಲಾಕ್ ಮಾಡಿಟ್ಟು ಟೂ ವೀಲ್‌ನಲ್ಲಿ ಓಡಿಸಿದರೆ ಏನೂ ಕೆಡುವುದಿಲ್ಲ, ಶಾಫ್ಟುಗಳು ತಿರುಗುತ್ತವೆ ಅಷ್ಟೇ. ಅದಕ್ಕೇ ಹಿಮ ಅಥವಾ ಕೆಸರು ಇರುವ ಕಡೆಗೆ ಹೊರಟಾಗ ಟಾರ್ ರಸ್ತೆಯಲ್ಲೇ ನಿಲ್ಲಿಸಿ ಲಾಕ್ ಮಾಡಿಕೊಳ್ಳುವುದು ಜಾಣತನ. ಕೆಸರಿನಲ್ಲಿ ಹೂತ ಮೇಲೆ ಇಳಿದು ಬಿಲ್ಲೆ ಹುಡುಕುವ ಕಷ್ಟ ತಪ್ಪುತ್ತದೆ. ಬಿಡಿಸುವಾಗ ಬಿಲ್ಲೆ ಬಿಗಿಯಾಗಿದ್ದರೆ ಪಕ್ಕಡ್ ಹಾಕಿ ತಿರುಗಿಸಬೇಡಿ. ಟೂ ವೀಲ್‌ಗೆ ಹಾಕಿ ಒಂದೆರಡು ಮೀಟರ್ ಹಿಂದಕ್ಕೆ ಹೋಗಿ. ಶಾಫ್ಟಿನಲ್ಲಿ ಸುತ್ತಿಕೊಂಡಿದ್ದ ಬಿಗಿ ಇಳಿಯುತ್ತದೆ, ಬೆರಳಿಗೇ ತಿರುಗುತ್ತದೆ.